ಮೀಟ್‌ಲೋಫ್ ನಮ್ಮ ಅಡುಗೆಮನೆಗೆ ಬಂದ ಬಗೆ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ನಾವೆಲ್ಲ ಊರಿನಿಂದ ಗಂಟುಕಟ್ಟಿಕೊಂಡೇ ಬಂದವರು. ಆದರೆ ಮಕ್ಕಳಿರುವ ಮನೆಯಲ್ಲಿ ಊಟವೂ ಪರರಿಚ್ಛೆಯೇ ಎಂಬುದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಶಾಲೆಯಿಂದ ಬಂದ ಮಗ ಒಂದು ಸಂಜೆ ಪುಸ್ತಕದ ಚೀಲ ಇಳಿಸುವ ಮೊದಲೇ ‘ಅಮ್ಮ, ನಮ್ಮ ಮನೇಲಿ ಮೀಟ್‌ಲೋಫ್ ಯಾಕೆ ಮಾಡಲ್ಲ?’ ಎಂದು ಕೇಳಿದ. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಇಷ್ಟು ವರ್ಷಗಳ ಮೇಲೆ ಆ ತಿನಿಸಿನ ಚರಿತ್ರೆಯನ್ನು ಸದಸ್ಯ ಬಂಧುಗಳ ಮುಂದಿಡಲು ಹೊರಟಿದ್ದೇವೆ. ಶಾಕಾಹಾರಿ ಬಂಧುಗಳು ಪುಟ ಮಗುಚಿ ಮುಂದೆ ಹೋಗಬಾರದೆಂದು ವಿನಂತಿ. ಬರೆಯುತ್ತಿರುವ ನಾವೂ ತಮ್ಮ ಪಂಕ್ತಿಯವರೇ.

ಮೀಟ್‌ಲೋಫ್ ಎಂದರೆ ಸಣ್ಣಗೆ ಅರೆದ ಮಾಂಸಕ್ಕೆ ಬ್ರೆಡ್ಡಿನ ಪುಡಿ ಅಥವಾ ಓಟ್ಸ್, ಮೊಟ್ಟೆ, ಈರುಳ್ಳಿ ಸೇರಿಸಿ, ಬ್ರೆಡ್ಡಿನ ಅಚ್ಚಿನಲ್ಲಿ ಒತ್ತಿ, ಒಲೆಯೊಳಗೆ ಬೇಯಿಸಿ, ಹೋಳು ಮಾಡಿ ಬಡಿಸುವ ಅಡುಗೆ. ಕೊಚ್ಚಿದ ಮಾಂಸಕ್ಕೆ ರೊಟ್ಟಿಯ ಚೂರು ಬೆರೆಸುವ ಪದ್ಧತಿ ರೋಮನರ ಕಾಲದಷ್ಟು ಹಳೆಯದು. ಅಪೀಸಿಯಸ್ ಹೆಸರಿನ ಪಾಕಗ್ರಂಥದಲ್ಲಿಯೇ ಇದೆ. ಜರ್ಮನರು ಇದೇ ಜಾತಿಯ ಅಡುಗೆಯ ನಡುವೆ ಬೆಂದ ಮೊಟ್ಟೆಯನ್ನು ಹುದುಗಿಸಿ ಅದಕ್ಕೆ ‘ಸುಳ್ಳು ಮೊಲ’ ಎಂದು ಹೆಸರಿಟ್ಟರು. ಮೊಲ ಸಿಗದ ಮನೆಯ ಹಾಸ್ಯವಿದು. ನಮ್ಮ ನೆರೆಯ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನ್ ರೈತರು ಹಂದಿಯ ಉಳಿಕೆ ಮಾಂಸವನ್ನು ಮೆಕ್ಕೆಜೋಳದ ಹಿಟ್ಟಿನೊಂದಿಗೆ ಕುದಿಸಿ, ಅಚ್ಚು ಹುಯ್ದು, ಹೋಳು ಮಾಡಿ ಹುರಿಯುತ್ತಿದ್ದರು. ಸ್ಕ್ರಾಪಲ್ ಎಂಬ ಆ ತಿನಿಸು ಇಂದಿಗೂ ಫಿಲಡೆಲ್ಫಿಯಾದ ಸುತ್ತಮುತ್ತ ಬೆಳಗಿನ ಉಪಾಹಾರದಲ್ಲಿ ಕಾಣಸಿಗುತ್ತದೆ.

ಆದರೂ ಇದು ಮನೆಮನೆಯ ಅಡುಗೆಯಾಗಲು ಎರಡು ಅನುಕೂಲಗಳು ಕೂಡಿಬರಬೇಕಾಯಿತು. 1865ರಲ್ಲಿ ಷಿಕಾಗೋದ ದೊಡ್ಡ ದನದ ದೊಡ್ಡಿ ತೆರೆಯಿತು. ಮುಂದೆ ಹಿಮ ತುಂಬಿದ ರೈಲು ಡಬ್ಬಿಗಳಲ್ಲಿ ಮಾಂಸ ಪೂರ್ವ ತೀರಕ್ಕೆ ಬರತೊಡಗಿತು. ಅದೇ ಶತಮಾನದಲ್ಲಿ ಕೈಯಿಂದ ತಿರುಗಿಸುವ ಕಬ್ಬಿಣದ ಅರೆಯುವ ಯಂತ್ರವೂ ಅಡುಗೆಮನೆಯ ಮೇಜಿಗೆ ಬಂದು ಕಚ್ಚಿಕೊಂಡಿತು. ಅಗ್ಗದ ಗಟ್ಟಿ ಮಾಂಸವನ್ನೂ ಮೆತ್ತಗೆ ಮಾಡಿಕೊಳ್ಳಬಹುದಾಯಿತು. ಬಾಸ್ಟನ್ನಿನ ಫ್ಯಾನಿ ಫಾರ್ಮರ್ 1896ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪಾಕಪುಸ್ತಕದಲ್ಲಿ ಎಳೆಗರುವಿನ ಮಾಂಸದ ಲೋಫ್ ಇದೆ. ಲೋಟ, ಚಮಚಗಳನ್ನು ಮಟ್ಟಸವಾಗಿ ತುಂಬಿ ಅಳೆಯಬೇಕೆಂದು ಈ ದೇಶದ ಗೃಹಿಣಿಯರಿಗೆ ಪಾಠ ಹೇಳಿದಾಕೆಯೂ ಅವರೇ. ಈ ಮಾತನ್ನು ವಾಚಕರು ನೆನಪಿಟ್ಟುಕೊಳ್ಳಬೇಕು, ಕೊನೆಯಲ್ಲಿ ಬೇಕಾಗುತ್ತದೆ.

ಇದನ್ನು ಬೆಳೆಸಿದ್ದು ಕೊರತೆ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕಿಳಿದಾಗ ಹರ್ಬರ್ಟ್ ಹೂವರ್ ಅವರ ಆಹಾರ ಇಲಾಖೆ ‘ಮಂಗಳವಾರ ಮಾಂಸ ಬಿಡಿ’ ಎಂದು ಜನರನ್ನು ಕೇಳಿಕೊಂಡಿತು. 1929ರ ಷೇರುಪೇಟೆ ಕುಸಿತದ ನಂತರದ ದುರ್ಭಿಕ್ಷದ ವರ್ಷಗಳಲ್ಲಿ ಒಂದು ಪೌಂಡು ಮಾಂಸದಲ್ಲಿ ಆರು ಜನ ಉಣ್ಣುವುದು ಹೇಗೆಂಬ ಲೆಕ್ಕಕ್ಕೆ ಸಿಕ್ಕ ಉತ್ತರವೇ ಮೀಟ್‌ಲೋಫ್. 1943ರ ಮಾರ್ಚ್‌ನಿಂದ 1945ರ ನವೆಂಬರ್‌ವರೆಗೆ ಮಾಂಸಕ್ಕೆ ರೇಷನ್ ಬಂದಿತು. ಲೋಫಿನಲ್ಲಿ ಓಟ್ಸಿನ ಪಾಲು ಇನ್ನಷ್ಟು ಹೆಚ್ಚಿತು. ಯುದ್ಧ ಮುಗಿದು ಕೈಯಲ್ಲಿ ಹಣ ಓಡಾಡಿದ ಮೇಲೂ ಜನ ಇದನ್ನು ಬಿಡಲಿಲ್ಲ. ಅಷ್ಟರಲ್ಲಿ ಇದು ಅಮ್ಮನ ಕೈರುಚಿಯಾಗಿಬಿಟ್ಟಿತ್ತು. ನಮ್ಮ ನ್ಯೂಜರ್ಸಿಯ ಕಾಣಿಕೆಯೂ ಇದಕ್ಕೆ ಸಂದಿದೆ: ಕ್ಯಾಮ್ಡನ್ನಿನ ಕ್ಯಾಂಪ್‌ಬೆಲ್ ಕಂಪನಿ 1897ರಿಂದ ತಯಾರಿಸಿದ ಗಟ್ಟಿ ಸೂಪಿನ ಡಬ್ಬಿ, ಹೊಬೋಕನ್ನಿನಲ್ಲಿ ದೊಡ್ಡ ಕಾರ್ಖಾನೆ ನಡೆಸಿದ್ದ ಲಿಪ್ಟನ್ನರ ಒಣ ಈರುಳ್ಳಿ ಸೂಪಿನ ಪೊಟ್ಟಣ, ಎರಡೂ ಈ ಅಡುಗೆಯೊಳಗೆ ಸೇರಿಹೋದವು.

ಇನ್ನು ನಮ್ಮ ಕಡೆ ನೋಡೋಣ. ಮಾಂಸದ ಅಡುಗೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಮಾಂಸದ ಅಡುಗೆಗಳು ವಿಸ್ತಾರವಾಗಿ ಬಂದಿವೆ. 16ನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಾದರೋ ಪೂರ್ತಿ ಶಾಕಾಹಾರದ ಕೃತಿ. ಎರಡು ಪಂಕ್ತಿಗಳೂ ನಮ್ಮವೇ. ಹಳೆ ಮೈಸೂರಿನ ಮಂಡ್ಯ, ಹಾಸನ, ಬೆಂಗಳೂರು ಸೀಮೆಗಳ ಮನೆಗಳಲ್ಲೂ ಮಿಲಿಟರಿ ಹೋಟೆಲುಗಳಲ್ಲೂ ಮಾಡುವ ಕೈಮ ಉಂಡೆಯನ್ನು ಉಂಡವರೇ ಬಲ್ಲರು. ಕೈಮ ಎಂದರೆ ಖೀಮಾ, ತುರ್ಕಿ ಮೂಲದ ಮಾತು, ಕೊಚ್ಚಿದ ಮಾಂಸ. ಅದಕ್ಕೆ ಹುರಿಗಡಲೆ ಪುಡಿ, ತೆಂಗಿನಕಾಯಿ, ಚಕ್ಕೆ ಲವಂಗ ಸೇರಿಸಿ ಉಂಡೆ ಕಟ್ಟಿ ಸಾರಿಗೆ ಬಿಡುತ್ತಾರೆ. ಹುರಿಗಡಲೆ ಉಂಡೆಯನ್ನು ಹಿಡಿದಿಡುತ್ತದೆ. ಜೊತೆಗೆ ಕಾಲು ಸೇರು ಮಾಂಸವನ್ನು ಮನೆಮಂದಿಗೆಲ್ಲ ಸಾಲುವಂತೆ ಮಾಡುತ್ತದೆ. ಇಲ್ಲಿಯವರ ಓಟ್ಸಿನ ಕೆಲಸವೂ ಅದೇ ಅಲ್ಲವೇ? ಕೊರತೆಯ ಕಾಲದಲ್ಲಿ ಇಲ್ಲಿಯವರು ಹುರುಳಿಕಾಯಿಯ ಬೀಜ, ಬೇಳೆಗಳಿಂದ ಮಾಂಸವಿಲ್ಲದ ಲೋಫನ್ನೂ ಮಾಡಿದರು. ನಮ್ಮ ನುಚ್ಚಿನುಂಡೆಯನ್ನು ಅಚ್ಚಿಗೆ ಒತ್ತಿದರೆ ಅದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಕೊರತೆಯ ಪಾಠವನ್ನು ಯಾರೂ ನಮಗೆ ಹೇಳಿಕೊಡಬೇಕಾಗಿರಲಿಲ್ಲ. 1965ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ಕರೆಕೊಟ್ಟಾಗ ಸೋಮವಾರ ರಾತ್ರಿ ಒಲೆ ಹಚ್ಚದ ಮನೆಗಳಲ್ಲಿ ಬೆಳೆದವರು ನಾವು. ಅದೇ ವರ್ಷ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಅವರು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಆ ಕಾನೂನು ತೆರೆದ ಬಾಗಿಲಿನಿಂದಲೇ ನಮ್ಮಂಥ ಇಂಜಿನಿಯರು, ವೈದ್ಯರು ಬಂದದ್ದು. ನಾವು 1971ರಲ್ಲಿ ಕ್ವೀನ್ಸಿನ ಎರಡು ಕೋಣೆಯ ಮನೆಗೆ ಬಂದಿಳಿದಾಗ ಬೇಳೆ, ಹುಣಿಸೆಹಣ್ಣಿಗೆ ಮ್ಯಾನ್‌ಹಟನ್ನಿನ ಲೆಕ್ಸಿಂಗ್ಟನ್ ಅವೆನ್ಯೂವಿಗೆ ಹೋಗಬೇಕಾಗಿತ್ತು. ಅಲ್ಲಿ 1944ರಿಂದ ನಡೆಯುತ್ತಿರುವ ಕಲುಸ್ತ್ಯಾನ್ ಅಂಗಡಿಯ ವಾಸನೆಯೇ ನಮಗೆ ಊರಿನ ವಾಸನೆ.

ಮಗ ಮೀಟ್‌ಲೋಫ್ ಕೇಳಿದ್ದು 1979ರ ಚಳಿಗಾಲದಲ್ಲಿ. ಪಕ್ಕದ ಮನೆಯ ಅಜ್ಜಿಯ ಮೇಜಿನಲ್ಲಿ ಅದರ ರುಚಿ ನೋಡಿ ಬಂದಿದ್ದ. ಶ್ರೀಮತಿಯವರು ಎರಡು ದಿನ ಮಾತಾಡಲಿಲ್ಲ. ನಮ್ಮಿಬ್ಬರ ಮನೆಗಳಲ್ಲಿಯೂ ಮಾಂಸ ಹೊಸ್ತಿಲು ದಾಟಿದ್ದಿಲ್ಲ. ಮೂರನೆಯ ದಿನ ಅವರೇ ಹೇಳಿದರು: ‘ಹೊರಗೆ ಯಾರ ಮನೇಲೋ ಏನು ಹಾಕಿದ್ದಾರೋ ತಿಳಿಯದೆ ತಿನ್ನೋದಕ್ಕಿಂತ ನನ್ನ ಕೈಯಿಂದಲೇ ತಿನ್ನಲಿ.’ ದನದ ಮಾಂಸ ಬೇಡವೆಂಬುದು ಕರಾರು. ಅದೂ ಸುಲಭವಿರಲಿಲ್ಲ. ಇಲ್ಲಿನ ಅಂಗಡಿಗಳಲ್ಲಿ ‘ಮೀಟ್‌ಲೋಫ್ ಮಿಕ್ಸ್’ ಎಂದು ಮಾರುವ ಪೊಟ್ಟಣದಲ್ಲಿ ದನ, ಹಂದಿ, ಎಳೆಗರು ಮೂರೂ ಕೂಡಿರುತ್ತವೆ. ಕುರಿಯ ಮಾಂಸವನ್ನು ಕಟುಕರ ಅಂಗಡಿಯಲ್ಲಿ ನಿಂತು ಅರೆಸಿ ತಂದೆವು. ಯಾರ ತಟ್ಟೆಯನ್ನೂ ತೂಗುವುದು ನಮ್ಮ ಉದ್ದೇಶವಲ್ಲ. ಕೊಡಗಿನ, ಮಂಗಳೂರಿನ ಬಂಧುಗಳು ನಮ್ಮ ಪೇಚಾಟಕ್ಕೆ ನಕ್ಕದ್ದೂ ಉಂಟು.

ಅಜ್ಜಿ ವಿಧಾನ ಹೇಳಿಕೊಟ್ಟರು. ದುರ್ಭಿಕ್ಷದ ವರ್ಷಗಳಲ್ಲಿ ಎಳೆಯ ಹುಡುಗಿಯಾಗಿದ್ದ ಅವರಿಗೆ ಲೋಫಿನಲ್ಲಿ ಓಟ್ಸ್ ಎಷ್ಟಿರಬೇಕೆಂಬುದು ಮನೆಯಲ್ಲಿ ಎಷ್ಟು ಜನರೆಂಬುದರ ಮೇಲೆ ನಿಂತಿತ್ತು. ಮೊದಲ ಲೋಫ್ ಉಪ್ಪಿಲ್ಲದೆ ಸಪ್ಪೆಯಾಯಿತು, ಎರಡನೆಯದು ಬಾಯಿಗಿಡಲಾಗದಷ್ಟು ಉಪ್ಪಾಯಿತು. ಮಂಡ್ಯದ ಕಡೆಯ ಗೆಳತಿಯೊಬ್ಬರು ಬಂದು ನೋಡಿ, ‘ಅಲ್ಲಾ ಕಣಕ್ಕ, ಇದು ನಮ್ ಕೈಮ ಉಂಡೇನೇ ಅಲ್ವಾ? ಉಂಡೆ ಕಟ್ಟೋಕೆ ಬೇಜಾರಾಗಿ ಒಟ್ಟಿಗೇ ಅಚ್ಚು ಹುಯ್ದವ್ರೆ. ಹುರಿಗಡಲೆ ಪುಡಿ ಹಾಕಿ ನೋಡಿ’ ಎಂದರು. ಅಂದಿನಿಂದ ನಮ್ಮ ಮನೆಯ ಲೋಫಿನ ಜಾತಿ ಬದಲಾಯಿತು. ಅದಕ್ಕೆಂದೇ ಒಂದು ಅಚ್ಚು, ಒಂದು ಚಾಕು ಬೇರೆಯಾದವು. ಊರಿನಿಂದ ಅತ್ತೆಯವರು ಬಂದ ಆರು ತಿಂಗಳು ಅವೆರಡೂ ತಳಮನೆಯ ಪೆಟ್ಟಿಗೆಯಲ್ಲಿ ಅಜ್ಞಾತವಾಸ ಮಾಡಿದವು.

ಉಪ್ಪಿನ ತೊಡಕು ಮಾತ್ರ ಉಳಿಯಿತು. ಶ್ರೀಮತಿಯವರು ರುಚಿ ನೋಡುವಂತಿಲ್ಲ. ಆದ್ದರಿಂದ ಅಳೆಯತೊಡಗಿದರು. ಸಪ್ಪೆಯೆಂದು ಮಗ ಹೇಳಿದರೆ ಮುಂದಿನ ಸಲ ಕಾಲು ಚಮಚ ಹೆಚ್ಚು. ಸರಿಯಾಯಿತೆಂದ ದಿನ ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟರು. ಕುರಿ ಎಂಬುದನ್ನು ಹೊಡೆದುಹಾಕಿ ಮುಂದೆ ಟರ್ಕಿ ಎಂದು ತಿದ್ದಿರುವ ಆ ಚೀಟಿ ಹೀಗಿದೆ: ಅರೆದ ಟರ್ಕಿ ಮಾಂಸ 2 ಪೌಂಡು, ಹುರಿಗಡಲೆ ಪುಡಿ ಮುಕ್ಕಾಲು ಕಪ್ಪು, ಮೊಟ್ಟೆ 2, ಸಣ್ಣಗೆ ಹೆಚ್ಚಿದ ಈರುಳ್ಳಿ 1, ಶುಂಠಿ ಬೆಳ್ಳುಳ್ಳಿ ಅರೆದದ್ದು 1 ದೊಡ್ಡ ಚಮಚ, ಹಸಿಮೆಣಸಿನಕಾಯಿ 3, ಕೊತ್ತಂಬರಿ ಸೊಪ್ಪು ಅರ್ಧ ಕಪ್ಪು, ಚಕ್ಕೆ ಲವಂಗದ ಪುಡಿ ಅರ್ಧ ಚಮಚ, ಉಪ್ಪು 2 ಚಮಚ ಮಟ್ಟಸ. ಮೇಲೆ ಕೆಚಪ್ಪಿಗೆ ಹುಣಿಸೆರಸ ಬೆರೆಸಿ ಸವರುವುದು. 350 ಡಿಗ್ರಿಯಲ್ಲಿ ಒಂದು ಗಂಟೆ ಅಥವಾ ತುಸು ಹೆಚ್ಚು. ನಡುಭಾಗ 165 ಡಿಗ್ರಿ ಮುಟ್ಟಲೇಬೇಕು. ಹತ್ತು ನಿಮಿಷ ಆರಿದ ಮೇಲೆ ಹೋಳು ಮಾಡುವುದು.

ಈಚೆಗೆ ಮಗಳು ತನ್ನ ಮಕ್ಕಳಿಗಾಗಿ ಅಮ್ಮನ ಅಡುಗೆಗಳನ್ನೆಲ್ಲ ಬರೆದುಕೊಳ್ಳಲು ಕುಳಿತಳು. ಸಾರಿಗೆ ಹುಣಿಸೆಹಣ್ಣು ಎಷ್ಟು? ‘ನೋಡಿ ಹಾಕೋದು.’ ಬಿಸಿಬೇಳೆ ಬಾತಿಗೆ ಪುಡಿ ಎಷ್ಟು? ‘ಘಮ ಬರೋವಷ್ಟು.’ ಐವತ್ತು ವರ್ಷ ಈ ಸಂಸಾರವನ್ನು ಸಾಕಿದ ಅಡುಗೆಗಳಲ್ಲಿ ಅಳತೆ ಸಹಿತ ಕಾಗದದ ಮೇಲಿರುವುದು ಒಂದೇ: ಅವರು ಜನ್ಮದಲ್ಲಿ ಬಾಯಿಗಿಡದ ಮೀಟ್‌ಲೋಫ್. ತಿನ್ನುವ ಅಡುಗೆಗೆ ನಾಲಗೆಯೇ ತಕ್ಕಡಿಯಾಗಿತ್ತು, ಬರೆಯಬೇಕೆನಿಸಲಿಲ್ಲ. ಮಗಳು ನಕ್ಕಳು, ಆಮೇಲೆ ಸುಮ್ಮನಾದಳು. ನಮಗೂ ಮಾತು ಹೊರಡಲಿಲ್ಲ.

ಈಗ ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಹೊಸ ಕ್ರಮ ನಡೆದಿದೆ. ಶ್ರೀಮತಿಯವರು ಎಂದಿನಂತೆ ಕೈಯಳತೆಯಲ್ಲಿ ಹಾಕುತ್ತಾರೆ. ನಾವು ಪಕ್ಕದಲ್ಲಿ ನಿಂತು, ಅದು ಪಾತ್ರೆಗೆ ಬೀಳುವ ಮೊದಲು ಚಮಚಕ್ಕೆ ಹಿಡಿದು ಬರೆದುಕೊಳ್ಳುತ್ತೇವೆ. ‘ಅಡ್ಡ ಬರಬೇಡಿ’ ಎಂದು ಬೈಸಿಕೊಂಡು ಇದುವರೆಗೆ ಒಂಬತ್ತು ಅಡುಗೆ ಆಗಿವೆ. ಹಿರಿಯ ಸದಸ್ಯರ ಮನೆಗಳಲ್ಲೂ ಈ ಕೆಲಸ ಆಗಬೇಕು, ತಡಮಾಡದೆ ಆಗಬೇಕು. ಅಳೆದದ್ದನ್ನು ಸಂಘಕ್ಕೂ ಒಂದು ಪ್ರತಿ ಕಳಿಸಿಕೊಡಿರೆಂದು ಪ್ರಾರ್ಥನೆ.