ಐಸೆಲಿನ್‌ನ ಮಳೆ, ವುಡ್‌ಬ್ರಿಜ್‌ನ ಹೊಣೆ: ನೆರೆ ನಿರ್ವಹಣೆಯ ಕುರಿತು ಒಂದು ಟಿಪ್ಪಣಿ

ಓಕ್ ಟ್ರೀ ರಸ್ತೆಯ ಅಂಗಡಿಸಾಲಿನಿಂದ ಕನ್ನಡಿಗರಿಗೆ ಪರಿಚಿತವಾದ ನ್ಯೂಜೆರ್ಸಿಯ ಐಸೆಲಿನ್‌ಗೆ ಸ್ವಂತ ಪುರಸಭೆಯಿಲ್ಲ. ಅದು ಮಿಡ್ಲ್‌ಸೆಕ್ಸ್ ಕೌಂಟಿಯ ವುಡ್‌ಬ್ರಿಜ್ ಟೌನ್‌ಶಿಪ್ಪಿನ ಒಂದು ಭಾಗ. ಅಲ್ಲಿ ನೆರೆ ಬಂದರೆ ಯಾರು ಏನು ಮಾಡಬೇಕು ಎಂದು ತಿಳಿಯಲು ವುಡ್‌ಬ್ರಿಜ್‌ನ ಆಡಳಿತವನ್ನೇ ನೋಡಬೇಕು. ಈ ಟೌನ್‌ಶಿಪ್ 2012ರ ಸ್ಯಾಂಡಿ ಚಂಡಮಾರುತದಿಂದ ಕಲಿತದ್ದು ದೊಡ್ಡ ಪಾಠ. ಆದರೆ ಅದು ಕಡಲ ಕಡೆಯಿಂದ ಏರಿಬಂದ ನೀರಿನ ಪಾಠ. ಐಸೆಲಿನ್ನಿಗಿರುವ ಅಪಾಯ ಮಳೆನೀರಿನದು.

ಮೊದಲು ಕಾನೂನಿನ ಮಾತು. ಕರ್ನಾಟಕದಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಹೊಣೆಯ ಕೇಂದ್ರ ಜಿಲ್ಲೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ನ್ಯೂಜೆರ್ಸಿಯ ವ್ಯವಸ್ಥೆ ಎರಡನೇ ಮಹಾಯುದ್ಧದ ಕಾಲದ, 1942ರ ನಾಗರಿಕ ರಕ್ಷಣಾ ಕಾಯ್ದೆಯಿಂದ ಬೆಳೆದುಬಂದದ್ದು. ಅಲ್ಲಿ ಪ್ರತಿ ಊರಿನ ಆಡಳಿತಕ್ಕೂ ತನ್ನದೇ ತುರ್ತು ನಿರ್ವಹಣಾ ಸಂಯೋಜಕ ಇರಲೇಬೇಕು. ಅವರನ್ನು ಮೂರು ವರ್ಷದ ಅವಧಿಗೆ ನೇಮಿಸುವವರು ಮೇಯರ್. ಊರಿನ ಮಟ್ಟಿಗೆ ತುರ್ತುಸ್ಥಿತಿ ಸಾರುವ ಅಧಿಕಾರ ಈ ಸಂಯೋಜಕರಿಗಿದೆ. ಜೊತೆಗೆ 15 ಮಂದಿಯನ್ನು ಮೀರದ ತುರ್ತು ನಿರ್ವಹಣಾ ಮಂಡಳಿ, ಲಿಖಿತ ಕಾರ್ಯಯೋಜನೆ. ಬೆಂಗಳೂರಿನ ಬಡಾವಣೆಗಳು 2022ರಲ್ಲಿ ಮುಳುಗಿದಾಗ ಯಾರನ್ನು ಕೇಳಬೇಕೆಂದು ತಿಳಿಯದೆ ಜನ ಪರದಾಡಿದ್ದನ್ನು ನೆನೆದರೆ, ಹೆಸರು ಹಿಡಿದು ಒಬ್ಬರನ್ನು ಹೊಣೆ ಮಾಡುವ ಈ ಕ್ರಮ ನನಗೆ ಮೇಲೆನಿಸುತ್ತದೆ. ಭಾರತದಲ್ಲೂ 2025ರ ತಿದ್ದುಪಡಿ ಮಹಾನಗರಗಳಿಗೆ ಪ್ರತ್ಯೇಕ ಪ್ರಾಧಿಕಾರಕ್ಕೆ ದಾರಿ ಮಾಡಿದೆ.

2012ರ ಅಕ್ಟೋಬರ್ 29ರಂದು ಸ್ಯಾಂಡಿ ನ್ಯೂಜೆರ್ಸಿಯ ದಡ ಮುಟ್ಟಿದಾಗ ಆರ್ಥರ್ ಕಿಲ್ ಜಲಸಂಧಿಯ ಮೂಲಕ ನುಗ್ಗಿದ ನೀರು ವುಡ್‌ಬ್ರಿಜ್ ನದಿಯನ್ನು ಹಿಮ್ಮುಖವಾಗಿ ತುಂಬಿತು. ಸೆವರೆನ್‌ನ ತೈಲ ಸಂಗ್ರಹಾಗಾರದಿಂದ ಡೀಸೆಲ್ ಸೋರಿತು. ವಾಟ್ಸನ್–ಕ್ರ್ಯಾಂಪ್ಟನ್ ಬಡಾವಣೆಯಂತೂ 2010ರ ಬಿರುಗಾಳಿಯಲ್ಲೂ 2011ರ ಐರಿನ್ ಚಂಡಮಾರುತದಲ್ಲೂ ನೆರೆ ಕಂಡಿತ್ತು. ಮೇಯರ್ ಜಾನ್ ಮೆಕಾರ್ಮಕ್ ಅವರ ಆಡಳಿತ ಈ ಸಲ ಮತ್ತೆ ಕಟ್ಟಿಕೊಳ್ಳಿ ಎನ್ನಲಿಲ್ಲ. 1995ರಿಂದ ಇರುವ ರಾಜ್ಯದ ಬ್ಲೂ ಏಕರ್ಸ್ ಯೋಜನೆಯ ಮೂಲಕ, ಒಪ್ಪಿದವರ ಮನೆಗಳನ್ನು ಚಂಡಮಾರುತಕ್ಕೆ ಮುಂಚಿನ ಬೆಲೆಗೆ ಕೊಳ್ಳಲಾಯಿತು. ಹೀಗೆ ನೂರಕ್ಕೂ ಹೆಚ್ಚು ಮನೆಗಳನ್ನು ಕೊಂಡು ಕೆಡವಿ, ಜಾಗವನ್ನು ನೀರಿಗೇ ಬಿಟ್ಟರು. ರಟ್ಗರ್ಸ್ ವಿಶ್ವವಿದ್ಯಾಲಯದ ನೆರವಿನಿಂದ ಅಲ್ಲಿ ಸ್ಥಳೀಯ ಗಿಡಮರಗಳನ್ನು ಬೆಳೆಸಲಾಯಿತು. ದೋಣಿ ಕಳಿಸಿ ಜನರನ್ನು ಎತ್ತಿ ತರುವುದಕ್ಕಿಂತ ಇದು ಹಿರಿದಾದ ರಕ್ಷಣೆ. ನೆರೆ ಬಂದ ಮೇಲೆ ಅದೇ ದಂಡೆಯಲ್ಲಿ ಮನೆ ಕಟ್ಟಿಕೊಡುವ ನಮ್ಮ ರೂಢಿಗೆ ಇದನ್ನು ಎದುರಿಟ್ಟು ನೋಡಬೇಕು.

ಆದರೆ 2021ರ ಸೆಪ್ಟೆಂಬರ್ 1ರ ರಾತ್ರಿಯ ಐಡಾ ಬೇರೆ ಬಗೆಯದು. ಚಂಡಮಾರುತ ಅಷ್ಟರಲ್ಲಿ ಸವೆದು ಬರೀ ಮಳೆಯಾಗಿತ್ತು. ಆ ದಿನ ನೆವಾರ್ಕ್‌ನಲ್ಲಿ ಸುಮಾರು 21 ಸೆಂ.ಮೀ. ಬಿತ್ತು. ನ್ಯೂಜೆರ್ಸಿಯಲ್ಲಿ ಸತ್ತವರು ಸುಮಾರು 30 ಮಂದಿ. ಎಲಿಜಬೆತ್ ನಗರದ ವಸತಿ ಸಮುಚ್ಚಯವೊಂದರಲ್ಲಿ ನಾಲ್ವರು ಮುಳುಗಿದರು. ಉಳಿದವರಲ್ಲಿ ಹೆಚ್ಚಿನವರ ಪ್ರಾಣ ಹೋದದ್ದು ಕಾರಿನಲ್ಲಿ, ಇಲ್ಲವೇ ನೀರು ತುಂಬಿದ ರಸ್ತೆಯಲ್ಲಿ. 2025ರ ಜುಲೈ 14ರ ನೆರೆಯಲ್ಲಿ ಪ್ಲೇನ್‌ಫೀಲ್ಡ್‌ನಲ್ಲಿ ಸತ್ತ ಇಬ್ಬರೂ ಕಾರಿನಲ್ಲೇ ಇದ್ದರು. ಅಂದರೆ ಮನೆ ಕೊಳ್ಳುವ ಯೋಜನೆ ಎಷ್ಟೇ ಒಳ್ಳೆಯದಾದರೂ ಈ ಸಾವುಗಳನ್ನು ತಡೆಯಲಾರದು. ಇವನ್ನು ತಡೆಯಬೇಕಾದರೆ ಸರಿಯಾದ ಹೊತ್ತಿಗೆ ರಸ್ತೆ ಮುಚ್ಚಬೇಕು.

ಐಸೆಲಿನ್‌ನಲ್ಲಿ ಇದು ಸುಲಭವಲ್ಲ. ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಟರ್ನ್‌ಪೈಕ್ ಪ್ರಾಧಿಕಾರದ್ದು, 27ನೇ ಮಾರ್ಗ ರಾಜ್ಯದ್ದು, ಓಕ್ ಟ್ರೀ ರಸ್ತೆ ಕೌಂಟಿಯದು, ಒಳರಸ್ತೆಗಳು ಟೌನ್‌ಶಿಪ್ಪಿನವು. ಅಗ್ನಿಶಾಮಕ ಜಿಲ್ಲೆಗಳಿಗೆ ತಮ್ಮದೇ ಚುನಾಯಿತ ಕಮಿಷನರುಗಳು, ತಮ್ಮದೇ ತೆರಿಗೆ. ಎಡಿಸನ್ ಕಡೆಯಿಂದ ಬರುವ ರಾಹ್ವೇ ನದಿಯ ದಕ್ಷಿಣ ಕವಲು ಮೆರಿಲ್ ಪಾರ್ಕ್ ಹಾದು ಮುಂದಿನ ಊರಿಗೆ ಹೋಗುತ್ತದೆ. ಈ ಗಡಿಗಳು ಅದಕ್ಕಿಲ್ಲ. ರಾತ್ರಿ ಒಂಬತ್ತಕ್ಕೆ ನೀರು ಏರುವಾಗ ಬ್ಯಾರಿಕೇಡ್ ಇಡುವವರು ಯಾರೆಂದು ಮೊದಲೇ ತೀರ್ಮಾನವಾಗಿರಬೇಕು. ಹರಿಯುವ ಒಂದಡಿ ನೀರು ಸಣ್ಣ ಕಾರನ್ನು ಒಯ್ಯಬಲ್ಲದು. ಎರಡಡಿ ಸಾಕು, ದೊಡ್ಡ ಗಾಡಿಗಳೂ ನಿಲ್ಲವು.

ಇನ್ನೊಂದು ಕೊರತೆ ಎಚ್ಚರಿಕೆಯದು. ಮೊಬೈಲಿಗೆ ಬರುವ ತುರ್ತು ಸಂದೇಶಗಳನ್ನು ಇಂಗ್ಲಿಷ್ ಬಿಟ್ಟು 13 ಭಾಷೆಗಳಲ್ಲಿ ಸಿದ್ಧಪಡಿಸಲು ಅಮೆರಿಕದ ದೂರಸಂಪರ್ಕ ಆಯೋಗ 2023ರಲ್ಲಿ ನಿರ್ಧರಿಸಿತು. ಆ ಪಟ್ಟಿಯಲ್ಲಿ ಭಾರತದ ಮೂಲದ್ದು ಹಿಂದಿ ಒಂದೇ. ಮಗ–ಸೊಸೆ ಮೆಟ್ರೋಪಾರ್ಕ್‌ನಿಂದ ರೈಲು ಹತ್ತಿ ಕೆಲಸಕ್ಕೆ ಹೋದಮೇಲೆ ಮೊಮ್ಮಕ್ಕಳೊಂದಿಗೆ ಮನೆಯಲ್ಲಿರುವ, ಹಾಸನದಿಂದಲೋ ಶಿರಸಿಯಿಂದಲೋ ಆರು ತಿಂಗಳಿಗೆ ಬಂದ ಅಜ್ಜ–ಅಜ್ಜಿಯರಿಗೆ ಆ ಸಂದೇಶ ಬರೀ ಸದ್ದು.

ನ್ಯೂಜೆರ್ಸಿಯ ಕನ್ನಡ ಕೂಟದವರು ಒಂದು ಪುಟದ ಕನ್ನಡ ಸೂಚನೆ ಬರೆದು ಮನೆಮನೆಯ ಫ್ರಿಜ್ಜಿಗೆ ಅಂಟಿಸಲಿ: 911ಕ್ಕೆ ಕರೆ ಮಾಡುವುದು, ನೆಲಮಾಳಿಗೆ ಬಿಟ್ಟು ಮೇಲೆ ಹೋಗುವುದು, ನೀರು ನಿಂತ ರಸ್ತೆಗೆ ಕಾರು ಇಳಿಸದಿರುವುದು, ಮನೆಯ ವಿಳಾಸವನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆ. ಟೌನ್‌ಶಿಪ್ಪಿನ ತುರ್ತು ಮಂಡಳಿಯಲ್ಲಿ ಓಕ್ ಟ್ರೀ ರಸ್ತೆಯ ಜನರಿಗೂ ಒಂದು ಸ್ಥಾನ ಬೇಕೆಂದು ಮೇಯರ್ ಕಚೇರಿಗೆ ಅರ್ಜಿ ಹಾಕಲಿ. ಮುಂದಿನ ಚಂಡಮಾರುತ ಋತು ಜೂನ್ 1ಕ್ಕೆ ಶುರುವಾಗುತ್ತದೆ, ಅದರೊಳಗೆ ಇಷ್ಟಾಗಲಿ.