ಸೆಂಟರ್ ಸ್ಪೀಕರ್: ಸೋಫಾದ ತುದಿಯಲ್ಲಿ ಕೂತವರಿಗೂ ಮಾತು ಕೇಳುತ್ತಾ?

5.1 ಹೋಮ್ ಥಿಯೇಟರ್‌ನಲ್ಲಿ ಸಿನಿಮಾದ ಬಹುಪಾಲು ಸಂಭಾಷಣೆ ಬರೋದು ಟಿವಿ ಕೆಳಗಿನ ಸೆಂಟರ್ ಸ್ಪೀಕರ್‌ನಿಂದ. ಇವುಗಳನ್ನು ಹೋಲಿಸುವ ವಿಮರ್ಶೆಗಳಲ್ಲಿ ಸಾಮಾನ್ಯವಾಗಿ ಇರೋದು ನೇರ ಎದುರಿಗೆ ಮೈಕ್ ಇಟ್ಟು ತೆಗೆದ ಗ್ರಾಫ್, ನಡುಸೀಟಿನಲ್ಲಿ ಕೂತು ಕೇಳಿದವರ ಅಭಿಪ್ರಾಯ. ಎರಡೂ ಸುಳ್ಳಲ್ಲ. ಆದರೆ ಎರಡೂ ನಡುವೆ ಕೂತವರ ಪರ.

ಒಂದು ಸಣ್ಣ ಲೆಕ್ಕ ನೋಡಿ. ಅಂಗಡಿಯಲ್ಲಿ ಹೆಚ್ಚು ಕಾಣೋದು ಎರಡು ವೂಫರ್, ನಡುವೆ ಟ್ವೀಟರ್ ಇರುವ ಅಡ್ಡ ಪೆಟ್ಟಿಗೆ. ವೂಫರ್‌ಗಳ ಅಂತರ 30 ಸೆಂ.ಮೀ. ಅಂದ್ಕೊಳ್ಳಿ. ನೀವು 30 ಡಿಗ್ರಿ ಪಕ್ಕಕ್ಕೆ ಕೂತರೆ ಒಂದು ವೂಫರ್‌ನ ಶಬ್ದ 15 ಸೆಂ.ಮೀ. ಹೆಚ್ಚು ಸಾಗಿ ಬರಬೇಕು. ಸುಮಾರು 1,150 ಹರ್ಟ್ಸ್‌ನಲ್ಲಿ ಅದು ಸರಿಯಾಗಿ ಅರ್ಧ ತರಂಗಾಂತರ. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತೆ, ಶಬ್ದ ಅಲ್ಲೇ ಕುಸಿಯುತ್ತೆ. 15 ಡಿಗ್ರಿಯಲ್ಲಾದರೆ ಈ ಹಳ್ಳ 2,200 ಹರ್ಟ್ಸ್ ಹತ್ತಿರ, ವೂಫರ್‌ಗಳು ಅಷ್ಟು ಮೇಲಿನವರೆಗೂ ನುಡಿಯುತ್ತಿದ್ದರೆ. ಹಾಲು ಬೇರೆ, ಹಾಳು ಬೇರೆ ಅಂತ ಕಿವಿಗೆ ಹೇಳುವ ಸುಳಿವು ಬಹುಪಾಲು ಇರೋದು ಇದರ ಆಸುಪಾಸಿನಲ್ಲೇ. ಗೋಡೆಗೆ ಬಡಿದು ಬರುವ ಶಬ್ದ ಹಳ್ಳವನ್ನು ಸ್ವಲ್ಪ ತುಂಬುತ್ತೆ, ನಿಜ. ಆದರೂ ತುದಿಯಲ್ಲಿ ಕೂತ ಅಜ್ಜಿ 'ಏನಂದ?' ಅಂತ ಕೇಳಿದರೆ, ತಪ್ಪು ಅವರ ಕಿವಿದೇ ಅಂದ್ಕೋಬೇಡಿ.

ಸಿಟಿಎ-2034 ಮಾನದಂಡದಲ್ಲಿ ಅಡ್ಡಕ್ಕೂ ಲಂಬಕ್ಕೂ 10 ಡಿಗ್ರಿಗೊಂದರಂತೆ ಒಟ್ಟು 70 ಅಳತೆ. ಒಳ್ಳೇದೇ. ಆದರೆ ಅದರ 'ಲಿಸನಿಂಗ್ ವಿಂಡೋ' ಗೆರೆ 9 ಕೋನಗಳ ಸರಾಸರಿ. ತಲಾ ಆದಾಯದ ಅಂಕಿಯ ಹಾಗೆ, ತುದಿಯ ಬಡತನ ಅದರಲ್ಲಿ ಕಾಣಲ್ಲ. ಅಡ್ಡದ 10, 20, 30 ಡಿಗ್ರಿ ಗೆರೆಗಳನ್ನು ಬಿಡಿಬಿಡಿಯಾಗಿ ನೋಡಿ. ಟ್ವೀಟರ್ ಕೆಳಗೆ ಪ್ರತ್ಯೇಕ ಮಿಡ್‌ರೇಂಜ್ ಇರುವ ತ್ರೀ-ವೇ ಪೆಟ್ಟಿಗೆಗಳಲ್ಲಿ ವೂಫರ್‌ಗಳು ಸುಮಾರು 500 ಹರ್ಟ್ಸ್‌ಗೇ ಕೆಲಸ ಒಪ್ಪಿಸಿಬಿಟ್ಟರೆ ಈ ತಂಟೆಯೇ ಇಲ್ಲ. ಬೆಲೆ ಮಾತ್ರ ಜಾಸ್ತಿ. 80 ಹರ್ಟ್ಸ್ ಕೆಳಗಿನ ಬೇಸ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ಅದು ಸಬ್‌ವೂಫರ್ ಕೆಲಸ.

ಇನ್ನು ಕೇಳಿ ನೋಡೋದು. ಸ್ಪೀಕರ್ ಕಣ್ಣಿಗೆ ಕಂಡರೆ ಕೇಳುಗರು ಕೊಡುವ ಅಂಕವೇ ಬದಲಾಗುತ್ತೆ ಅಂತ ಫ್ಲಾಯ್ಡ್ ಟೂಲ್, ಶಾನ್ ಆಲಿವ್ 1994ರಲ್ಲೇ ತೋರಿಸಿದ್ದರು. ಹಾಗಾಗಿ ಪರದೆ ಹಾಕಿ, ಎರಡರ ವಾಲ್ಯೂಮ್ ಸಮ ಮಾಡಿ. ಸ್ವಲ್ಪ ಜೋರಾಗಿರೋದೇ ಚೆನ್ನಾಗಿದೆ ಅನ್ನಿಸಿಬಿಡುತ್ತೆ. ಸೆಂಟರ್‌ನಲ್ಲಷ್ಟೇ ಪಿಂಕ್ ನಾಯ್ಸ್ ಹಾಕಿ ನಡುವಿನಿಂದ ತುದಿಗೆ ಸರಿಯಿರಿ. ದನಿಯ ಬಣ್ಣ ಬದಲಾದರೆ ಆ ಪೆಟ್ಟಿಗೆ ನಿಮ್ಮ ಮನೆಗೆ ಬೇಡ.

ಒಬ್ಬರೇ ನೋಡೋರಾದರೆ ಮಾಮೂಲಿ ಅಡ್ಡ ಪೆಟ್ಟಿಗೆಯೇ ಸಾಕು. ನಾಲ್ಕು ಜನರಿದ್ದು ತ್ರೀ-ವೇಗೆ ದುಡ್ಡಿಲ್ಲವೇ? ಎಡ-ಬಲಕ್ಕಿಟ್ಟ ಬುಕ್‌ಶೆಲ್ಫ್ ಸ್ಪೀಕರ್‌ನಂಥದ್ದೇ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ. ಟಿವಿಯನ್ನು ಸ್ವಲ್ಪ ಮೇಲಕ್ಕೇರಿಸಬೇಕಾಗಬಹುದು, ಅಷ್ಟೇ.