ಜಲಾನಯನ ನಿರ್ವಹಣೆ

ಒಂದು ಹಳ್ಳಕ್ಕೋ ಕೆರೆಗೋ ಮಳೆನೀರು ಹರಿದು ಸೇರುವ ಇಡೀ ನೆಲವನ್ನು ಒಂದೇ ಘಟಕವೆಂದು ಎಣಿಸಿ, ಅಲ್ಲಿನ ಮಣ್ಣು, ನೀರು, ಹಸಿರನ್ನು ಒಟ್ಟಿಗೆ ಕಾಪಾಡುವ ಕ್ರಮ. ಕೆಲಸ ದಿಣ್ಣೆಯಿಂದ ಶುರುವಾಗಿ ತಗ್ಗಿಗೆ ಇಳಿಯಬೇಕು: ಮೇಲೆ ಗಿಡ, ಹುಲ್ಲು, ಇಂಗುಗುಂಡಿ, ಹೊಲದಲ್ಲಿ ಸಮಪಾತಳಿ ಬದು, ಹಳ್ಳದಲ್ಲಿ ಚೆಕ್ ಡ್ಯಾಮ್. ಮೇಲಿನದನ್ನು ಮರೆತರೆ ಕೆಳಗೆ ಹೂಳೇ ಗತಿ. 1958ರಲ್ಲಿ ಕಟ್ಟಿದ ಚಂಡೀಗಢದ ಸುಖ್ನಾ ಕೆರೆಗೆ ಆದದ್ದೂ ಇದೇ. ಹೂಳಿನ ಜಾಡು ಹಿಡಿದ ತಜ್ಞರು ತಲುಪಿದ್ದು ಹರಿಯಾಣದ ಸುಖೋಮಾಜ್ರಿಯ ಬೋಳುಗುಡ್ಡಗಳಿಗೆ. 1970ರ ದಶಕದಲ್ಲಿ ಈ ತಜ್ಞರಲ್ಲೊಬ್ಬರಾದ ಪಿ. ಆರ್. ಮಿಶ್ರಾ ಮುಂದಾಳತ್ವದಲ್ಲಿ ಅಲ್ಲಿ ಮಣ್ಣಿನ ಏರಿಗಳೆದ್ದವು. ಆದರೆ ನಿಜವಾದ ಜಾಣ್ಮೆ ಇದ್ದದ್ದು ಹಂಚಿಕೆಯಲ್ಲಿ: ತುಂಡು ಹೊಲವೂ ಇಲ್ಲದ ಮನೆಗೂ ಏರಿಯಲ್ಲಿ ನಿಂತ ನೀರಿನಲ್ಲಿ ಸಮಪಾಲು. ಪಾಲು ಸಿಕ್ಕ ಮೇಲೆ ಊರವರೇ ಗುಡ್ಡಕ್ಕೆ ಮೇಕೆ ಬಿಡುವುದನ್ನು ನಿಲ್ಲಿಸಿದರು. ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿದರು. ಹಗ್ಗಕ್ಕೂ ಕಾಗದಕ್ಕೂ ಬರುವ ಭಾಬರ್ ಹುಲ್ಲು ಕೊಯ್ದು ಮಾರತೊಡಗಿದರು.